ಡಬ್ಬಿಯೊಳಗಿನ ಎರಡನೆಯ ಕಾಗದ

"ಮನೆಯಂಗಿಲ್ಲೆ ಅಂದ್ರೆ ಮತ್ತೆಲ್ಲಿತ್ತ್ ಮುತ್ತಕ್ಕ?"

"ಬೋಟಂಗಿತ್ತ್," ಅಂದಳು ಮುತ್ತು.

ಸ್ನೇಹಲತಾ ಟ್ರಂಕಿನ ಮುಚ್ಚಳ ಹಿಡಿದುಕೊಂಡೇ ನಿಂತುಬಿಟ್ಟಳು. ಕಿರಿಮಂಜೇಶ್ವರದ ಆ ಎರಡು ಕೋಣೆಯ ಮನೆಯನ್ನು ಬೆಳಿಗ್ಗೆ ಒಂಬತ್ತರಿಂದ ಜಾಲಾಡಿದ್ದಾಗಿತ್ತು. ಹಾಸಿಗೆ ಕೊಡವಿ, ಅಕ್ಕಿ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿ, ದೇವರ ಪಟದ ಬೆನ್ನನ್ನೂ ನೋಡಿ ಮುಗಿಸಿದ ಮೇಲೆ ಮುತ್ತು ಈ ಮಾತನ್ನು ಬಂಗುಡೆಯ ದರ ಹೇಳುವಷ್ಟು ತಣ್ಣಗೆ ಹೇಳಿದ್ದಳು.

"ನಾಲ್ಕ್ ದಿನದಿಂದ ನಿಮ್ಮ ಜೀವ ತಿಂತಾ ಇದ್ದೆ. ಆಗ್ಳ್ ಎಂತಕ್ಕೆ ಹೇಳ್ಲಿಲ್ಲೆ?"

"ನೀವ್ ಕೇಂಡದ್ದ್ ಮನೆಯಂಗಿತ್ತಾ ಅಂದೇಳಿ. ವಕೀಲ್ರೂ ಹಾಂಗೇ ಕೇಂಡ್ರ್. ಮನೆಯಂಗಿಲ್ಲೆ ಅಂದೆ. ಸುಳ್ಳ್ ಹೇಳ್ಲಿಲ್ಲೆ ನಾನ್."

ಸುಳ್ಳಲ್ಲ, ನಿಜ. ಕೋರ್ಟಿನವರಿಗೆ ಕಾಗದ ಅಂದರೆ ಕಪಾಟು. ಮುತ್ತುವಿನಂಥವರಿಗೆ ಕಾಗದ ಅಂದರೆ ಬೋಟು. ರಿಜಿಸ್ಟ್ರಿ, ಗುರುತಿನ ಚೀಟಿ, ಲೈಸೆನ್ಸು, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ನೀರು ಹೋಗದಂತೆ ಬಿಗಿದು ಬೋಟಿನ ಕ್ಯಾಬಿನ್ನಿನಲ್ಲಿ ಕಟ್ಟುತ್ತಾರೆ. ಯಾಕೆಂದರೆ ಕಾಗದ ತೋರಿಸಿ ಎಂದು ಕೇಳುವವರು ಸಿಗುವುದು ಸಮುದ್ರದ ಮಧ್ಯೆ. ಮುತ್ತು ಮದುವೆಯಾಗಿ ಬಂದ ಮೇಲೆ ಎರಡು ಸಲ ಕಡಲು ಮನೆಯೊಳಗೆ ನುಗ್ಗಿದೆ, ಡಬ್ಬಿಯೊಳಗೆ ಒಮ್ಮೆಯೂ ನುಗ್ಗಿಲ್ಲ. ಮಗನ ಜೀವದ ಕಾಗದವನ್ನು ಅವಳು ಇನ್ನೆಲ್ಲಿಡಬೇಕಿತ್ತು?

ಮಗ ಚಂದ್ರ, ‘ಮಹಾಸತಿ’ ಬೋಟಿನ ಮಾಲೀಕ. ಜೂನ್ ಒಂಬತ್ತರಂದು ‘ಸಮಾಜಕ್ಕೆ ಅಪಾಯಕಾರಿ’ ಎಂಬ ಆದೇಶ ಹಿಡಿದು ಬಂದು, ವಿಚಾರಣೆಯಿಲ್ಲದೆ ಒಂದು ವರ್ಷ ಒಳಗಿಡುವ ಕಾನೂನಿನಡಿ ಅವನನ್ನು ಜೈಲಿಗೆ ಹಾಕಿದ್ದರು. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ನಡೆಯುತ್ತಿತ್ತು. ಬಂದಿಯನ್ನು ಯಾವ ಕಾರಣಕ್ಕೆ ಹಿಡಿದಿಟ್ಟಿದ್ದೀರಿ, ಹೇಳಿ ಎಂದು ಸರ್ಕಾರವನ್ನು ಕೇಳುವ ಅರ್ಜಿ.

ಚಂದ್ರ ಜೈಲಿನಲ್ಲಿ ಕೈಯಾರೆ ಬರೆದ ಮನವಿಯನ್ನು ಮುತ್ತು ಜೂನ್ ಹದಿನಾರಕ್ಕೆ ಜಿಲ್ಲಾಧಿಕಾರಿ ಕಚೇರಿಯ ತಪಾಲು ಕಿಂಡಿಯಲ್ಲಿ ಕೊಟ್ಟು ಬಂದಿದ್ದಳು. ಅದು ತಮಗೆ ಸಿಕ್ಕಿದ್ದೇ ಜುಲೈ ಇಪ್ಪತ್ತೆರಡಕ್ಕೆ ಎಂದು ಆ ಕಡೆಯವರು ಪ್ರಮಾಣ ಮಾಡಿದ್ದರು. ಬಂದಿಯ ಮನವಿಯನ್ನು ಕಾರಣವಿಲ್ಲದೆ ಐದು ವಾರ ಕೂಡಿಟ್ಟರೆಂದು ತೋರಿಸಿಬಿಟ್ಟರೆ ಬಂಧನ ನಿಲ್ಲುವುದಿಲ್ಲ. ತೋರಿಸಲು ಬೇಕಾದದ್ದು ಕಿಂಡಿಯಲ್ಲಿ ಮೊಹರು ಒತ್ತಿಕೊಟ್ಟ ಪ್ರತಿ. ಅದರ ಅಸಲು, ಜೊತೆಗೆ ನೋಟರಿ ಮೊಹರು ಬಿದ್ದ ಮುತ್ತುವಿನ ಅಫಿಡವಿಟ್ಟು, ನಾಳೆ ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನಲ್ಲಿ ನ್ಯಾಯಮೂರ್ತಿಗಳ ಮುಂದೆ ಇರಬೇಕು. ಇಲ್ಲದಿದ್ದರೆ ಅರ್ಜಿ ವಜಾ.

ಸ್ನೇಹಲತಾ ವಕೀಲೆಯಲ್ಲ, ಪೊಲೀಸಿನವಳೂ ಅಲ್ಲ. ಕುಂದಾಪುರದ ವಕೀಲ ರಾಜೀವ ಹೆಗ್ಡೆಯವರ ಕಚೇರಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಗುಮಾಸ್ತೆ. ಈ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ವಾಯಿದೆ ತಪ್ಪಿಸಿದವಳಲ್ಲ. ಕೋರ್ಟಿನ ಜಗಲಿಯಲ್ಲಿ ಯಾರಾದರೂ ಇದನ್ನು ಹೊಗಳಿದರೆ "ಅದೆಂತ ದೊಡ್ಡ ವಿಷ್ಯ" ಅನ್ನುತ್ತಿದ್ದಳು. ಯಾರೂ ಹೊಗಳದಿದ್ದರೆ ಅವಳೇ ನೆನಪು ಮಾಡಿಕೊಡುತ್ತಿದ್ದಳು.

ಮೊಹರಿನ ಪ್ರತಿ ಮುತ್ತುವಿನ ಮನೆಯಲ್ಲಿಲ್ಲದಿದ್ದರೆ ತಮ್ಮ ಕಚೇರಿಯಲ್ಲೇ ಕಳುವಾಗಿರಬೇಕು ಎಂದು ನಾಲ್ಕು ದಿನದಿಂದ ಜೂನಿಯರ್ ವಕೀಲ ಕೀರ್ತನನ ಮೇಲೆ ಕಣ್ಣಿಟ್ಟಿದ್ದಳು. ಅವನು ಚಹಾಕ್ಕೆ ಎದ್ದರೂ ಹಿಂದೆ ಹೋಗಿದ್ದಳು. ಪಾಪದ ಹುಡುಗನಿಗೆ ಒಂದು ಮಸಾಲೆ ದೋಸೆಯಾದರೂ ಕೊಡಿಸಬೇಕು ಎಂದುಕೊಂಡು ಸ್ಕೂಟರಿನ ಬೀಗ ತೆಗೆದಳು.

"ಬೋಟ್ ಈಗ್ಳ್ ಎಲ್ಲಿತ್ತ್?"

"ಕಡ್ಲಂಗೆ. ಮೂರ್ ಗಂಟಿಗೆ ಗಂಗೊಳ್ಳಿಗ್ ಬತ್ತ್ ಅಂಬ್ರ್. ಆದ್ರೆ ಲತಕ್ಕ, ಬೋಟ್ ಈಗ್ಳ್ ಪ್ರೇಮಾನಂದನ ಕೈಯಂಗಿತ್ತಲೆ."

ಸ್ನೇಹಲತಾ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು. ಚಂದ್ರನ ಮೇಲೆ ದೂರು ಕೊಟ್ಟವನು ಪ್ರೇಮಾನಂದನಲ್ಲ. ದೂರು ಕೊಟ್ಟ ಮೂವರೂ ಪ್ರೇಮಾನಂದನ ಬೋಟುಗಳಲ್ಲಿ ದುಡಿಯುವವರು, ಅಷ್ಟೇ.

* * *

ಗಂಗೊಳ್ಳಿ ಬಂದರಿನಲ್ಲಿ ‘ಮಹಾಸತಿ’ ಆಗಷ್ಟೇ ಹಗ್ಗ ಕಟ್ಟಿತ್ತು. ಮಳೆಗಾಲದ ಎರಡು ತಿಂಗಳ ನಿಷೇಧ ಮುಗಿದ ಮೇಲಿನ ಎರಡನೆಯ ಸುತ್ತು; ಬೋಟು ನಿಲ್ಲುವ ದಕ್ಕೆಯ ತುಂಬ ಬುಟ್ಟಿ, ಐಸು, ಗದ್ದಲ. ಬೋಟಿನ ಮೇಲೆ ಚಂದ್ರನ ಹಳೆಯ ಜೊತೆಗಾರ ವಿಶಾಲ ಬುಟ್ಟಿ ಎತ್ತಿ ಕೊಡುತ್ತಿದ್ದ. ಮುತ್ತುವನ್ನು ಕಂಡು ಅವನ ಕೈ ಒಮ್ಮೆ ನಿಂತಿತು.

ಪ್ರೇಮಾನಂದ ಐಸಿನ ಪೆಟ್ಟಿಗೆಗಳ ಪಕ್ಕ, ಇಸ್ತ್ರಿ ಕೆಡದ ಬಿಳಿ ಅಂಗಿಯಲ್ಲಿ ನಿಂತಿದ್ದ. ಮೀನಿನ ಬಂದರಿನಲ್ಲಿ ಬಿಳಿ ಅಂಗಿ ಹಾಕಿಕೊಂಡು ನಿಲ್ಲುವವನಿಗೆ ಧೈರ್ಯ ಜಾಸ್ತಿ ಇರುತ್ತದೆ, ಇಲ್ಲವೇ ಕೆಲಸ ಕಡಿಮೆ ಇರುತ್ತದೆ.

"ಹ್ವಾಯ್ ಲತಕ್ಕ, ಕೋರ್ಟ್ ಬಿಟ್ಟ್ ಬಂದರಿಗೆ ಬಂದ್ರ್ಯಾ? ಮೀನ್ ಬೇಕಿತ್ತಾ?"

"ಮೀನ್ ಬ್ಯಾಡ. ಮುತ್ತಕ್ಕಂದ್ ಒಂದ್ ಕಾಗ್ದ ಬೋಟಿನ ಡಬ್ಬಿಯಂಗಿತ್ತಂಬ್ರ್. ಅದೊಂದ್ ಕೊಟ್ರೆ ಸಾಕ್."

"ಯಾವ್ ಡಬ್ಬಿ?" ಅವನು ನಕ್ಕ. "ಹಳಿ ಸಾಮಾನೆಲ್ಲ ಬೋಟ್ ನೀರಿಗ್ ಇಳ್ಸುವತ್ತಿಗೆ ಬಿಸಾಡಿ ಆಯ್ತ್."

ಮುತ್ತುವಿನ ಮುಖದಲ್ಲಿ ಬಣ್ಣವೇ ಉಳಿಯಲಿಲ್ಲ. ಆ ಗಂಡಸಿನ ಮುಂದೆ ಅಳುವುದಕ್ಕಿಂತ ಕಡಲಿಗೆ ಹಾರುವುದು ಅವಳಿಗೆ ಸುಲಭವಿತ್ತು.

ಸ್ನೇಹಲತಾ ವಿಶಾಲನನ್ನು ನೋಡಿದಳು. ವಿಶಾಲ ಕ್ಯಾಬಿನ್ನಿನ ಬಾಗಿಲು ನೋಡಿದ, ಮತ್ತೆ ಬುಟ್ಟಿ ನೋಡಿದ. ಅವಳಿಗೆ ಅಷ್ಟೇ ಸಾಕಾಯಿತು.

"ಆಯ್ತ್ ಪ್ರೇಮಾನಂದಣ್ಣ. ಬೋಟಿನ ರಿಜಿಸ್ಟ್ರಿ ಎಲ್ಲಿತ್ತ್?"

"ಅದಿತ್ತ್."

"ಎಲ್ಲಿತ್ತ್?"

ಅವನು ಅಂಗಿಯ ಕಾಲರು ಸರಿಮಾಡಿಕೊಂಡ. ಸುತ್ತ ಮೀನು ಆರಿಸುತ್ತಿದ್ದ ಹೆಂಗಸರ ಕೈ ನಿಧಾನವಾಯಿತು.

"ಡಬ್ಬಿ ಇಲ್ಲೆ ಅಂದ್ರೆ ಈ ಬೋಟ್ ನಾಲ್ಕ್ ದಿನ ಕಾಗ್ದ ಇಲ್ದೆ ಕಡ್ಲಂಗಿದ್ದಿತ್ತ್. ಬಂದರು ಆಫೀಸಿಗೆ ಈಗ್ಳೇ ಬರ್ದ್ ಕೊಡ್ತೆ, ಪೆನ್ ನನ್ ಹತ್ರವೇ ಇತ್ತ್. ಡಬ್ಬಿ ಇತ್ತ್ ಅಂದ್ರೆ ಮುತ್ತಕ್ಕನ ಕಾಗ್ದವೂ ಅದ್ರೊಳ್ಗಿತ್ತ್. ಎರಡ್ರಂಗ್ ಯಾವ್ದ್ ಸತ್ಯ, ನೀವೇ ಹೇಳಿ."

ಇದನ್ನು ಅವಳು ಕೂಗಿ ಹೇಳಲಿಲ್ಲ. ಕೋರ್ಟಿನಲ್ಲಿ ಫೈಲು ನಂಬರು ಓದುವ ದನಿ ಅದು, ಕೊನೆಯ ಬೆಂಚಿಗೂ ಕೇಳುತ್ತದೆ.

ಬುಟ್ಟಿಯ ಆಚೆಯಿಂದ ಮುದುಕಿ ಸೀತು ಎಲೆ ಅಡಿಕೆ ಉಗಿದು ಹೇಳಿದಳು, "ಹೇಳಾ ಪ್ರೇಮಾನಂದ. ನಾವೂ ಕೇಂತ್ ಕೂಕಂಡಿತ್ತ್."

ಪ್ರೇಮಾನಂದನ ನಗು ಹಾಗೇ ಇತ್ತು, ಕಣ್ಣು ಮಾತ್ರ ನಗುವುದನ್ನು ಬಿಟ್ಟಿತ್ತು. "ವಿಶಾಲ, ಕೊಡಾ ಅವ್ರಿಗೆ ಆ ಡಬ್ಬಿ," ಎಂದವನೇ ಫೋನು ತೆಗೆದುಕೊಂಡು ಐಸಿನ ಪೆಟ್ಟಿಗೆಗಳ ಹಿಂದೆ ನಡೆದ.

ವಿಶಾಲ ತಂದದ್ದು ದೊಡ್ಡ ಬಾಯಿಯ ಹಳದಿ ಡಬ್ಬಿ, ಮುಚ್ಚಳದ ಸುತ್ತ ಸೈಕಲ್ ಟ್ಯೂಬಿನ ಪಟ್ಟಿ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮುತ್ತುವಿಗೇ ಕೊಟ್ಟ.

"ಅಪ್ಪಯ್ಯ ಕಟ್ಟಿದ್ ಡಬ್ಬಿ ಅಂದೇಳಿ ಚಂದ್ರ ಇದ್ನ ಯಾರಿಗೂ ಮುಟ್ಟುಕ್ ಬಿಡ್ತಿರ್ಲಿಲ್ಲ," ಅಂದ.

ಮುತ್ತು ಸೆರಗಿಗೆ ಕೈ ಒರೆಸಿಕೊಂಡು ಟ್ಯೂಬು ಬಿಚ್ಚಿದಳು. ಬೋಟಿನ ರಿಜಿಸ್ಟ್ರಿ, ಚೀಟಿಗಳನ್ನೆಲ್ಲ ತೆಗೆದು ವಿಶಾಲನ ಕೈಗೆ ಕೊಟ್ಟಳು. ತಳದಲ್ಲಿ, ಹಾಲಿನ ಪ್ಯಾಕೆಟ್ಟಿನೊಳಗೆ ಮಡಚಿಟ್ಟ ನಾಲ್ಕು ಹಾಳೆ. ಚಂದ್ರನ ದುಂಡಗಿನ ಅಕ್ಷರ. ಮೊದಲ ಹಾಳೆಯ ಮೂಲೆಯಲ್ಲಿ ನೇರಳೆ ಮೊಹರು, ಜೂನ್ ಹದಿನಾರು, ಪಡೆದವರ ಸಹಿ. ಒಂದು ಗೆರೆಯೂ ಮಾಸಿರಲಿಲ್ಲ.

"ಎರ್ಡ್ ಗಂಟಿ ಆ ಕಿಂಡಿ ಎದ್ರ್ ನಿಂತಿದ್ದೆ ಲತಕ್ಕ. ನಾಳೆ ಬನ್ನಿ ಅಂದ್ರ್. ಸೀಲ್ ಒತ್ತದೆ ನಾ ಹೋತಿಲ್ಲೆ ಅಂದೆ. ಮೀನ್ ಬುಟ್ಟಿ ಪಕ್ಕಕ್ಕೇ ಇಟ್ಕಂಡಿದ್ದೆ. ವಾಸ್ನಿ ತಡುಕಾಯ್ದೆ ಒತ್ತಿ ಕೊಟ್ರ್."

ಸ್ನೇಹಲತಾಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಮೂರನೇ ಕ್ಲಾಸು ಓದಿದ ಈ ಹೆಂಗಸು, ಯಾವ ವಕೀಲನೂ ಹೇಳಿಕೊಡದೆ, ಹೈಕೋರ್ಟಿಗೆ ಬೇಕಾದ ಸಾಕ್ಷ್ಯವನ್ನು ಬುಟ್ಟಿ ಇಟ್ಟುಕೊಂಡು ಗೆದ್ದು ತಂದಿದ್ದಳು. ಅವಳ ಪಕ್ಕದಲ್ಲಿ ನಿಂತದ್ದಕ್ಕೇ ಸ್ನೇಹಲತಾಳಿಗೆ ಹೆಮ್ಮೆಯಾಯಿತು. ಮೊಹರಿನ ಫೋಟೊ ತೆಗೆದು ಬೆಂಗಳೂರಿನಲ್ಲಿ ವಾದಿಸುತ್ತಿದ್ದ ವಕೀಲೆ ಅನಿಷಾಗೆ ಕಳಿಸಿದಳು. ‘ಅಸಲು ರಾತ್ರಿ ಬಸ್ಸಿಗೆ ಹೊರಡುತ್ತದೆ’ ಎಂದು ಬರೆದಳು.

ಡಬ್ಬಿಯಲ್ಲಿ ಇನ್ನೊಂದು ಕಾಗದ ಉಳಿದಿತ್ತು.

"ಅದ್ ಪ್ರೇಮಾನಂದ ತಂದ್ ಎಗ್ರಿಮೆಂಟ್," ಅಂದಳು ಮುತ್ತು. "ಚಂದ್ರ ಬಪ್ಪಲ್ಲಿವರಿಗೆ ಬೋಟ್ ಅವ ನಡ್ಸುದ್ ಅಂದೇಳಿ. ಮಗನ್ ಹಿಡ್ಕಂಡ್ ಹೋಯ್ ಐದ್ ದಿನಕ್ಕೆ ತಂದ. ಸಹಿ ಹಾಕಿದೆ."

ಬೋಟಿನ ಕಾಗದ ಡಬ್ಬಿಗೇ ಹೋಗಬೇಕು. ಪ್ರೇಮಾನಂದನೂ ಬೋಟಿನವನೇ ತಾನೆ. ಅವನ ಅಭ್ಯಾಸದ ಕೈ ಅದನ್ನು ಅಲ್ಲಿಗೇ ಹಾಕಿತ್ತು.

ಸ್ನೇಹಲತಾಳದ್ದೂ ಅಭ್ಯಾಸದ ಕಣ್ಣೇ. ಯಾವ ಕಾಗದ ಕಂಡರೂ ಮೊದಲು ತಾರೀಕು ನೋಡುತ್ತದೆ. ಇ-ಸ್ಟಾಂಪ್ ಕಾಗದದ ತಲೆಯ ಮೇಲೆ ಕೊಂಡ ದಿನ, ಎರಡೂ ಕಡೆಯವರ ಹೆಸರು, ಯಾತಕ್ಕೆ ಎಂಬುದು, ಎಲ್ಲ ಯಂತ್ರವೇ ಮುದ್ರಿಸುತ್ತದೆ. ಆಮೇಲೆ ಯಾರಿಂದಲೂ ತಿದ್ದಲಾಗದು. ಮುತ್ತು, ಪ್ರೇಮಾನಂದ, ಬೋಟ್ ನಡೆಸುವ ಕರಾರು. ಕೊಂಡ ದಿನ ಜೂನ್ ಐದು.

ಜೂನ್ ಐದು. ಚಂದ್ರನನ್ನು ಹಿಡಿದದ್ದು ಜೂನ್ ಒಂಬತ್ತಕ್ಕೆ.

ಚಂದ್ರ ಮನೆಯಲ್ಲಿ ಉಂಡು ಮಲಗುತ್ತಿದ್ದಾಗಲೇ, ಅವನಿಲ್ಲದ ಬೋಟನ್ನು ಯಾರು ನಡೆಸಬೇಕೆಂದು ಕಾಗದ ತಯಾರಾಗಿತ್ತು.

ಅವಳ ಕಣ್ಣು ಕೊನೆಯ ಸಾಲಿಗೆ ಇಳಿಯಿತು. ಕೊಂಡವರು: ರಾಜೀವ ಹೆಗ್ಡೆ, ವಕೀಲರು ಮತ್ತು ನೋಟರಿ, ಕುಂದಾಪುರ.

ಕಚೇರಿಯ ಸ್ಟಾಂಪ್ ಕಾಗದವನ್ನೆಲ್ಲ ತರುವವಳು ಅವಳೇ. ಜೂನ್ ಐದಕ್ಕೆ ಅವಳು ಸಿದ್ದಾಪುರಕ್ಕೆ, ತಂಗಿಯ ಮಗಳು ಸೌಜನ್ಯಳ ಸೀಮಂತಕ್ಕೆ ಹೋಗಿದ್ದಳು. ಆ ವರ್ಷ ತೆಗೆದ ಒಂದೇ ರಜೆ. "ಹೋಗಿ ಬನ್ನಿ, ನಾ ನೋಡಿಕೊಳ್ತೆ" ಎಂದು ಸಾರೇ ಒತ್ತಾಯ ಮಾಡಿ ಕಳಿಸಿದ್ದರು. ಚಂದ್ರನ ಕೇಸನ್ನು ಫೀಸು ಮುಟ್ಟದೆ ಹಿಡಿದಾಗ ಅವಳು ಇಡೀ ಬಾರ್ ಅಸೋಸಿಯೇಷನ್ನಿಗೆ ಕೇಳುವ ಹಾಗೆ ಹೊಗಳಿದ್ದಳು.

ಈ ಕಾಗದದ ಫೋಟೊ ತೆಗೆಯಲು ಫೋನೆತ್ತಿದಳು. ಕೈ ಬರಲಿಲ್ಲ. ಅಷ್ಟರಲ್ಲಿ ಅದೇ ಫೋನು ರಿಂಗಾಯಿತು. ಪರದೆಯ ಮೇಲೆ ‘ಸಾರ್’ ಎಂದಿತ್ತು.

"ಸಿಕ್ಕಿತಾ ಲತಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಅವರಿಗೆ ಸುಳ್ಳು ಹೇಳಿದವಳಲ್ಲ. ಪಕ್ಕದಲ್ಲಿ ಮುತ್ತು ಇದ್ದಳು. ಅವಳಿಂದಲೇ ಒಂದು ಸತ್ಯವನ್ನು ಸಾಲ ತೆಗೆದುಕೊಂಡಳು.

"ಮನೆಯಂಗಿಲ್ಲೆ ಸಾರ್."

ಆ ಕಡೆ ರಾಜೀವ ಹೆಗ್ಡೆ ಅವಳ ಮಾತನ್ನೇ ತಿರುಗಿ ಹೇಳಿದರು.

"ಮನೆಯಂಗಿಲ್ಲೆ. ಸರಿ. ಡಬ್ಬಿಯಂಗೆ?"

ಐಸಿನ ಪೆಟ್ಟಿಗೆಯ ಹಿಂದಿನಿಂದ ಪ್ರೇಮಾನಂದ ಫೋನು ಜೇಬಿಗಿಳಿಸುತ್ತ ಈಚೆ ಬಂದ.

"ಅಲ್ಲೇ ನಿಲ್ಲ್," ಅಂದರು ರಾಜೀವ ಹೆಗ್ಡೆ, ಎಂದಿನ ಮೃದು ದನಿಯಲ್ಲೇ. "ನಾ ಬತ್ತೆ. ಅಫಿಡವಿಟ್ಟಿಗೆ ಸೀಲ್ ಅಲ್ಲೇ ಹಾಕ್ವ."

* * *

ಗಂಗೊಳ್ಳಿಯಿಂದ ಹೊರಬೀಳಲು ಕಾರಿಗೂ ಸ್ಕೂಟರಿಗೂ ತ್ರಾಸಿಯ ದಾರಿಯೇ ಗತಿ. ಕುಂದಾಪುರದಿಂದ ಬರುವ ಸಾರ್ ಎದುರೆದುರೇ ಸಿಕ್ಕೇ ಸಿಗುತ್ತಾರೆ. ಸ್ನೇಹಲತಾ ಬೇಗ ಬೇಗ ಲೆಕ್ಕ ಹಾಕಿದಳು. ಕುಂದಾಪುರದ ನೋಟರಿಗಳೆಲ್ಲ ಸಾರ್ ಬಳಗದವರೇ, ಬ್ರಹ್ಮಾವರದಲ್ಲಿ ಗುರುತಿನ ನೋಟರಿ ಒಬ್ಬರಿದ್ದಾರೆ. ಬೆಂಗಳೂರಿನ ಬಸ್ಸು ಅಲ್ಲಿಗೆ ಬರುವುದು ರಾತ್ರಿ ಒಂಬತ್ತಕ್ಕೆ. ಅಲ್ಲಿಗೆ ತಲುಪಿಬಿಟ್ಟರೆ ಮುಗಿಯಿತು.

"ದಾರಿ ಒಂದೇ ಮುತ್ತಕ್ಕ. ಅವ್ರ್ ಎದ್ರಿಗೇ ಬತ್ರ್."

"ಕಾರಿಗೆ ಒಂದೇ," ಅಂದಳು ಮುತ್ತು. ಗದ್ದವೆತ್ತಿ ಹೊಳೆಯ ಕಡೆ ತೋರಿಸಿದಳು. ಅಲ್ಲಿ, ನೀರಿನಾಚೆ, ಕುಂದಾಪುರ ಕಣ್ಣಿಗೇ ಕಾಣುತ್ತಿತ್ತು.

ವಿಶಾಲನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವನು ಆಗಲೇ ಬೋಟಿನ ಹಿಂದೆ ಕಟ್ಟಿದ್ದ ಸಣ್ಣ ದೋಣಿಯ ಹಗ್ಗ ಬಿಚ್ಚುತ್ತಿದ್ದ. "ಹ್ವಾಯ್, ಎಲ್ಲಿಗಾ?" ಎಂದು ಪ್ರೇಮಾನಂದ ಓಡಿ ಬರುವಷ್ಟರಲ್ಲಿ ಸೀತುವಿನ ಮೀನಿನ ಬುಟ್ಟಿ ಹೇಗೋ ಅವನ ಕಾಲಿಗೆ ಅಡ್ಡ ಬಂತು. ಬಿಳಿ ಅಂಗಿಗೆ ಆ ದಿನ ಮೊದಲ ಸಲ ಬಂದರಿನ ಬಣ್ಣ ಹತ್ತಿತು.

ದೋಣಿ ಹೊಳೆಯ ಮಧ್ಯಕ್ಕೆ ಬಂದ ಮೇಲೆ ಸ್ನೇಹಲತಾ ಎಲ್ಲವನ್ನೂ ಹೇಳಿದಳು. ತಾರೀಕು ಹೇಳಿದಳು, ಹೆಸರೂ ಹೇಳಿದಳು. ಮುತ್ತು ಕಾಗದಗಳನ್ನು ಮತ್ತೆ ಹಾಕಿ ಬಿಗಿದ ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡು ಕೇಳಿಸಿಕೊಂಡಳು.

"ಮೂರ್ ಸರ್ತಿ ಅವ್ರ್ ಆಫೀಸಂಗ್ ಚಾ ಕುಡ್ದೆ ನಾನ್," ಅಂದಳು ಕೊನೆಗೆ. ಅಷ್ಟೇ.

ಕುಂದಾಪುರದ ಖಾರ್ವಿಕೇರಿಯ ದಕ್ಕೆ ಹತ್ತಿರವಾಯಿತು. ವಿಶಾಲ ಇಂಜಿನ್ನಿನ ವೇಗ ಇಳಿಸಿದ.

ದಕ್ಕೆಯ ಅಂಚಿನಲ್ಲಿ ಕಪ್ಪು ಕೋಟು, ಬಿಳಿ ಬ್ಯಾಂಡು. ರಾಜೀವ ಹೆಗ್ಡೆಯವರು ತ್ರಾಸಿಗೆ ಹೊರಟೇ ಇರಲಿಲ್ಲ. ಅವರೂ ಈ ಊರಿನವರೇ, ಹೊಳೆ ಅವರಿಗೂ ಗೊತ್ತು. ಅವಳು ಎಂತ ಮಾಡುತ್ತಾಳೆ ಎಂಬುದೂ ಇಪ್ಪತ್ತೊಂಬತ್ತು ವರ್ಷದಲ್ಲಿ ಗೊತ್ತಾಗಿತ್ತು. ಅವರ ಕೈಯಲ್ಲಿ ನೋಟರಿ ಮೊಹರಿನ ಮರದ ಪೆಟ್ಟಿಗೆ. ದಿನಾ ಬೆಳಿಗ್ಗೆ ಅವಳೇ ಒರೆಸಿಡುವ ಪೆಟ್ಟಿಗೆ.

"ತಿರ್ಗಿಸ್ಕಾ ಲತಕ್ಕ?" ವಿಶಾಲ ಕೇಳಿದ.

"ಬ್ಯಾಡ. ನೇರ ಬಿಡ್."

ಮಾತು ಕೇಳುವಷ್ಟು ಹತ್ತಿರ ಬಂದಾಗ ರಾಜೀವ ಹೆಗ್ಡೆ ಪೆಟ್ಟಿಗೆ ತೆರೆದರು.

"ಬ್ರಹ್ಮಾವರಕ್ಕೆ ಹೊರಟದ್ದಲ್ದಾ? ಆ ನೋಟರಿ ಇವತ್ತ್ ಊರಂಗಿಲ್ಲೆ, ನಾ ಕೇಂಡೆ. ಮೊಹರಿನ ಪ್ರತಿ ನಿನ್ನ ಹತ್ರವೇ ಇರ್ಲಿ. ಅಫಿಡವಿಟ್ಟಿಗೆ ಈಗ್ಳೇ ಸೀಲ್ ಹಾಕ್ತೆ, ನಾಳೆ ಚಂದ್ರ ಹೊರ್ಗ್ ಬತ್ತ. ಎರಡನೇ ಕಾಗ್ದ ಮಾತ್ರ ನಂಗ್ ಕೊಡ್." ಎಡಗೈಯಲ್ಲಿ ಮೊಹರು ಹಿಡಿದು ಬಲಗೈ ಚಾಚಿದರು. "ವಾಯಿದೆ ತಪ್ಪಿಸ್ಬೇಡ ಲತಾ. ನಿಂಗೆ ಅದ್ ಅಭ್ಯಾಸ ಇಲ್ಲೆ."

ಅವಳ ಹೆಮ್ಮೆ ಎಲ್ಲಿದೆ ಎಂದು ತಿಳಿದೇ ಅಲ್ಲಿಗೆ ಕೈ ಹಾಕಿದ್ದರು.

ಸ್ನೇಹಲತಾ ಮುತ್ತುವಿನ ಕಡೆ ತಿರುಗಿದಳು. ಹೆಮ್ಮೆ ತನ್ನದಿರಬಹುದು, ಒಳಗಿರುವ ಮಗ ಅವಳದು.

"ನಿಮ್ಮ ಮಗ ಮುತ್ತಕ್ಕ. ನೀವ್ ಹೇಳಿ."

ಮುತ್ತು ದಕ್ಕೆಯ ಮೇಲಿನ ಕೋಟನ್ನು ನೋಡಿದಳು, ಚಾಚಿದ ಕೈಯನ್ನು ನೋಡಿದಳು. ಡಬ್ಬಿಯ ಟ್ಯೂಬು ಬಿಚ್ಚಿ, ಎರಡನೆಯ ಕಾಗದ ತೆಗೆದು, ಗಾಳಿಗೆ ಹಾರದಂತೆ ಎರಡೂ ಕೈಯಲ್ಲಿ ಹರವಿ ಸ್ನೇಹಲತಾಳ ಮುಂದೆ ಹಿಡಿದಳು.

"ಮಗ ಬರ್ಕ್ ಲತಕ್ಕ. ಆದ್ರೆ ತಲಿ ಎತ್ಕಂಡ್ ಬರ್ಕ್. ಹೊಡೀರಿ ಫೋಟೊ."

ಈ ಸಲ ಸ್ನೇಹಲತಾ ಫೋನೆತ್ತಿ ಒತ್ತಿಯೇಬಿಟ್ಟಳು. ಕಾಗದ, ತಾರೀಕು, ಹೆಸರು, ಎಲ್ಲ ಸ್ಪಷ್ಟವಾಗಿ ಬಂತು. ಅನಿಷಾಳ ಹೆಸರು ಒತ್ತಿ ಕಳಿಸಿದಳು. ಕಳಿಸಿದ್ದನ್ನು ಪರದೆ ಎತ್ತಿ ದಕ್ಕೆಯ ಕಡೆಗೂ ತೋರಿಸಿದಳು.

ರಾಜೀವ ಹೆಗ್ಡೆ ಚಾಚಿದ ಕೈಯನ್ನು ಮೆಲ್ಲನೆ ಹಿಂದಕ್ಕೆಳೆದುಕೊಂಡರು. ಮೊಹರನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಳ ಹಾಕಿ, ಬೀಗ ತಿರುಗಿಸಿ, ಕೀಲಿಕೈಯನ್ನು ಹೊಳೆಗೆ ಎಸೆದರು.

ಗಂಟೆ ನಾಲ್ಕೂ ಐವತ್ತಾಗಿತ್ತು. ಬಸ್ಸಿಗೆ ನಾಲ್ಕು ಗಂಟೆ ಉಳಿದಿತ್ತು, ಅಷ್ಟರೊಳಗೆ ಬೇರೊಬ್ಬ ನೋಟರಿ ಸಿಗಬೇಕಿತ್ತು. ಅಫಿಡವಿಟ್ಟು ಸ್ನೇಹಲತಾಳ ಚೀಲದಲ್ಲಿ, ಮೊಹರಿಲ್ಲದೆ, ಹಾಗೇ ಇತ್ತು.